ಖಾಲಿ ಬೆಲ್ಟಿನ ಮೇಲಿನ ಆಲೂಗೆಡ್ಡೆ

ಯೋಚನೆ ಮಾಡುತ್ತಿರುವ ಮನುಷ್ಯನೂ ಕನಸು ಕಾಣುತ್ತಿರುವ ಮನುಷ್ಯನೂ ದೂರದಿಂದ ನೋಡಿದರೆ ಒಂದೇ ಥರ ಕಾಣುತ್ತಾರೆ. ಇಬ್ಬರ ಕಣ್ಣೂ ಎಲ್ಲೋ ನೆಟ್ಟಿರುತ್ತದೆ, ಬಾಯಿ ಕೊಂಚ ತೆರೆದಿರುತ್ತದೆ, ಮುಂದಿಟ್ಟ ಕಾಫಿ ಆರಿ ಕೆನೆಗಟ್ಟಿರುತ್ತದೆ. ಈ ಒಂದು ಹೋಲಿಕೆಯ ಬಲದ ಮೇಲೆಯೇ ನಾನು ಇಷ್ಟು ವರ್ಷ ಸಂಬಳ ತೆಗೆದುಕೊಂಡು ಸಂಸಾರ ಸಾಗಿಸಿದ್ದೇನೆ. ನನ್ನ ಹೆಂಡತಿ ಸುಮಿತ್ರ ಇದನ್ನು ಮದುವೆಯಾದ ಹೊಸತರಲ್ಲೇ ಕಂಡುಹಿಡಿದಿದ್ದಳು; ಆದರೆ ಮರ್ಯಾದಸ್ಥರ ಮನೆಯವಳು, ಹೊರಗೆ ಎಲ್ಲೂ ಬಾಯಿ ಬಿಡಲಿಲ್ಲ. ಹಾಸನದ ಕೈಗಾರಿಕಾ ಬಡಾವಣೆಯಲ್ಲಿ ಸಣ್ಣಪುಟ್ಟ ಯಂತ್ರ ಮಾಡುವ ಒಂದು ವರ್ಕ್‌ಶಾಪಿದೆ. ಅಲ್ಲಿ ನನ್ನದು ಕಿಟಕಿ ಪಕ್ಕದ ಮೇಜು. ಕಿಟಕಿಯಾಚೆ ಒಂದು ಮೋಟು ಕಾಂಪೌಂಡು, ಅದರಾಚೆ ಯಾರೂ ಶೆಡ್ಡು ಕಟ್ಟದೆ ಉಳಿಸಿದ ಒಂದು ತುಂಡು ರಾಗಿ ಹೊಲ, ಹೊಲದ ಬದುವಿನಲ್ಲಿ ಒಂದು ಹೊಂಗೆಮರ, ಮರದ ಕೆಳಗೆ ಸದಾ ಮೆಲುಕು ಹಾಕುವ ಒಂದು ಎಮ್ಮೆ. ಮಧ್ಯಾಹ್ನದ ಹೊತ್ತಿಗೆ ಸಕಲೇಶಪುರದ ಕಡೆಯಿಂದ ಮೋಡಗಳು ಬರುತ್ತವೆ. ಮಳೆ ಸುರಿಸುವ ಉದ್ದೇಶವೇನೂ ಅವಕ್ಕಿರುವುದಿಲ್ಲ. ನೆಂಟರ ಮನೆ ಹೊಕ್ಕು ಒಂದು ಲೋಟ ನೀರು ಕುಡಿದು ಹೊರಡುವವರ ಹಾಗೆ ಬಂದು ಹೋಗುತ್ತವೆ. ಅವು ಬಂದು ಹೋಗುವುದನ್ನು ಯಾರಾದರೂ ನೋಡಬೇಕಲ್ಲ, ಆ ಕೆಲಸವನ್ನು ನಾನು ವಹಿಸಿಕೊಂಡಿದ್ದೆ.

ಹಾಗೆಂದು ಬೇರೇನೂ ಮಾಡುತ್ತಿರಲಿಲ್ಲ ಎಂದಲ್ಲ. ಟೀವಿಯ ರಿಮೋಟು ಕೆಳಗೆ ಬಿದ್ದು ಬಾಯಿ ಬಿಟ್ಟಾಗ ಒಳಗೊಂದು ಹಸಿರು ಹಲಗೆ ಕಾಣುತ್ತದೆ, ಅದರ ಮೇಲೆ ತಾಮ್ರದ ಗೆರೆಗಳು ಓಡಾಡಿರುತ್ತವೆ, ನೋಡಿರುತ್ತೀರಿ. ಅಂಥ ಸರ್ಕ್ಯೂಟ್ ಬೋರ್ಡಿನ ನಕ್ಷೆ ಬರೆಯುವುದು ನನ್ನ ಉದ್ಯೋಗ. ಯಾವ ಚಿಪ್ಪು ಎಲ್ಲಿ ಕೂರಬೇಕು, ಯಾವ ಗೆರೆ ಯಾವ ದಾರಿ ಹಿಡಿಯಬೇಕು ಎಂದು ಕಂಪ್ಯೂಟರಿನಲ್ಲಿ ಬರೆದು ಕೊಟ್ಟರೆ, ಹೊರಗಿನವರು ಅದರಂತೆ ಬೋರ್ಡು ಮಾಡಿ ಕೊರಿಯರಿನಲ್ಲಿ ಕಳಿಸುತ್ತಾರೆ. ಪಂಪ್‌ಸೆಟ್ಟಿನ ಟೈಮರು, ಕೋಳಿಮರಿ ಮಾಡುವ ಪೆಟ್ಟಿಗೆಯ ಥರ್ಮೋಸ್ಟಾಟು, ಹಿಟ್ಟಿನ ಗಿರಣಿಯ ಗಂಟೆ, ಎಲ್ಲಕ್ಕೂ ಬೋರ್ಡು ಬರೆದವನು ನಾನೇ. ಇವೆಲ್ಲ ಸಾವಧಾನದ ಯಂತ್ರಗಳು. ಗೆರೆ ಸ್ವಲ್ಪ ಸುತ್ತು ಹಾಕಿದರೂ ಕರೆಂಟು ಬೇಸರಿಸದೆ ನಡೆದು ಬರುತ್ತಿತ್ತು. ನನ್ನ ಸ್ವಭಾವಕ್ಕೂ ಅದರ ಸ್ವಭಾವಕ್ಕೂ ಚೆನ್ನಾಗಿ ಹೊಂದಿಕೊಂಡಿತ್ತು.

ನಮ್ಮ ಯಜಮಾನರು ನಂಜೇಗೌಡರು, ನುಗ್ಗೇಹಳ್ಳಿ ಕಡೆಯವರು. ತೆಂಗಿನ ತೋಟವನ್ನು ತಮ್ಮನಿಗೆ ವಹಿಸಿ, ತಾವು ಯಂತ್ರದ ಮೋಹಕ್ಕೆ ಬಿದ್ದು ಹಾಸನಕ್ಕೆ ಬಂದವರು. ನನಗೊಂದು ಡಿಗ್ರಿ ಇದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ‘ಸಾ’ ಎನ್ನುತ್ತಾರೆ. ಸಂಬಳ ಕೊಡುವವರ ಬಾಯಲ್ಲಿ ‘ಸಾ’ ಎನ್ನಿಸಿಕೊಳ್ಳುವುದು ಸುಖವೇ, ಆದರೆ ಅವರು ಬೈಯುವಾಗಲೂ ಅದನ್ನು ಬಿಡುವುದಿಲ್ಲ. ಒಂದು ದಿನ ಅವರು ಚನ್ನರಾಯಪಟ್ಟಣದ ಮಂಡಿಯಿಂದ ನೆಟ್ಟಗೆ ನನ್ನ ಬಳಿ ಬಂದು, ಒಂದು ಜೇಬಿನಿಂದ ಒಂದು ಉಂಡೆ, ಇನ್ನೊಂದು ಜೇಬಿನಿಂದ ಇನ್ನೊಂದು ಉಂಡೆ ತೆಗೆದು ಮೇಜಿನ ಮೇಲಿಟ್ಟರು.

“ಇದ್ರಲ್ಲಿ ಆಲೂಗೆಡ್ಡೆ ಯಾವ್ದು, ಮಣ್ಣೆಂಟೆ ಯಾವ್ದು? ಮುಟ್ದೆ ಏಳಿ ನೋಡಾಣ.”

ಗೆಡ್ಡೆ, ಮಣ್ಣಿನ ಹೆಂಟೆ ಎರಡೂ ಒಂದೇ ಬಣ್ಣ, ಒಂದೇ ಗಾತ್ರ, ಎರಡಕ್ಕೂ ಮೈತುಂಬ ಕೆಂಪು ಮಣ್ಣು. ನಾನು ಒಂದನ್ನು ತೋರಿಸಿದೆ. ತಪ್ಪಾಗಿತ್ತು. ಗೌಡರಿಗೆ ಬಹಳ ಸಂತೋಷವಾಯಿತು.

“ಅಂಗನ್ನಿ! ಡಿಗ್ರಿ ಮಾಡಿರೋ ನಿಮ್ಗೇ ಗೊತ್ತಾಗ್ನಿಲ್ಲ ಅಂದ್ಮೇಲೆ ಈ ಮಿಷೀನ್ಗೆ ಬೆಲೆ ಬತ್ತದೆ ಕಣ್ ಸಾ. ಬೆಲ್ಟ್ ಮೇಲೆ ಓಯ್ತಾ ಇರೋವಾಗ್ಲೇ ‘ಇದು ಗೆಡ್ಡೆ, ಇದು ಎಂಟೆ’ ಅಂತ ದೀಪ ಆಕಿ ಏಳ್ಬೇಕು. ಮಂಡಿಯೋರು ಬಾಯ್ ಬಿಟ್ಕಂಡು ಕಾಯ್ತಾವ್ರೆ.”

ಯಂತ್ರದ ಕಣ್ಣು ನನ್ನ ಪಾಲಿಗೆ ಬಂತು. ಓಡುವ ಸರಕಿನ ಮೇಲೆ ಬೆಳಕನ್ನು ಪಟಪಟನೆ ಚಿಮ್ಮಿಸಬೇಕು. ನೀರು ತುಂಬಿದ ಗೆಡ್ಡೆ ಒಂದು ಥರ ಬೆಳಕನ್ನು ಹಿಂದಿರುಗಿಸುತ್ತದೆ, ಒಣ ಮಣ್ಣು ಇನ್ನೊಂದು ಥರ. ಹಿಂದಿರುಗಿದ ಬೆಳಕಿನಿಂದ ಹುಟ್ಟುವ ಕರೆಂಟು ಎಷ್ಟು ಕಡಿಮೆಯೆಂದರೆ, ಅದು ಇದೆ ಎಂದು ನಂಬುವುದಕ್ಕೇ ಸ್ವಲ್ಪ ಭಕ್ತಿ ಬೇಕು. ಬಂದದ್ದೇ ತಿಳಿಯದಂತೆ ಬಂದು ಹೋಗುವ ಆ ಪಿಸುಮಾತನ್ನು ಹಿಡಿದು ಗಟ್ಟಿಯಾಗಿ ಹೇಳುವ ಚಿಪ್ಪಿಗೆ ಹೈಸ್ಪೀಡ್ ಆಂಪ್ಲಿಫೈಯರ್ ಎನ್ನುತ್ತಾರೆ. ಅವರೆಕಾಳಿಗಿಂತ ಚಿಕ್ಕದು, ಎಂಟು ಕಾಲು, ಮಹಾ ಚುರುಕು. ಇಂಥದ್ದಕ್ಕೆ ಬೋರ್ಡು ಬರೆಯುವುದು ನನಗೆ ಹೊಸದು. ಹೊಸದು ಎಂದು ಹೇಳಿಬಿಡಬಹುದಿತ್ತು. ಆದರೆ ಆಗ ತಾನೇ ಹೊಂಗೆಮರದ ಮೇಲೆ ಒಂದು ಮೋಡ ಬಂದು ನಿಂತಿತ್ತು, ಮನಸ್ಸು ಅತ್ತ ಇತ್ತು, “ಆಯ್ತು ಬಿಡಿ ಗೌಡ್ರೆ” ಎಂದುಬಿಟ್ಟೆ.

ಇಲ್ಲಿ ನನ್ನ ಇನ್ನೊಂದು ವಿದ್ಯೆಯ ವಿಷಯ ಹೇಳಲೇಬೇಕು. ನಮ್ಮ ನೆಂಟರಿಷ್ಟರ ಮದುವೆಗಳಲ್ಲಿ ಪಂಕ್ತಿ ಕೂರಿಸುವ ಜವಾಬ್ದಾರಿ ಬಹಳ ಕಾಲದಿಂದ ನನ್ನದು. ಹೊಳೆನರಸೀಪುರದ ಛತ್ರವಿರಲಿ, ಅರಕಲಗೂಡಿನ ಛತ್ರವಿರಲಿ, ಊಟದ ಮನೆಯ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿದರೆ ಆಯಿತು, ಹುಡುಗಿಯ ಅಪ್ಪ ನಿಶ್ಚಿಂತೆಯಿಂದ ಧಾರೆ ಎರೆಯಬಹುದು. ಎಲೆಗೆ ಎಲೆ ತಗುಲಬಾರದು. ಒಬ್ಬರ ಮೊಣಕೈ ಇನ್ನೊಬ್ಬರ ಪಾಯಸಕ್ಕೆ ಬೀಳಬಾರದು. ಎದುರುಬದುರು ಸಾಲುಗಳ ನಡುವೆ ಸಾರಿನ ಬಕೆಟ್ಟು ಹಿಡಿದವನು ಧಾರಾಳವಾಗಿ ಓಡಾಡಬೇಕು. ಬೀಗರು ಫ್ಯಾನಿನ ಕೆಳಗೆ, ಮುನಿಸಿಕೊಂಡ ಭಾವ ಬೀಗರಿಂದ ದೂರ. ಇಕ್ಕಟ್ಟಿನಲ್ಲಿ ಕೂರಿಸಿದರು ಎಂಬ ಒಂದು ಮಾತು ಬಂದರೆ ನಮ್ಮ ಕಡೆ ಸಂಬಂಧವೇ ಮುರಿದು ಬೀಳುತ್ತದೆ. ಹೀಗೆ ಜನಕ್ಕೆ ಜಾಗ ಮಾಡಿಕೊಟ್ಟೂ ಮಾಡಿಕೊಟ್ಟೂ ಅದು ಕೈಗೆ ಅಂಟಿಹೋಗಿತ್ತು. ಬೋರ್ಡು ಬರೆಯುವಾಗಲೂ ನನ್ನ ಕೈ ಅದನ್ನೇ ಮಾಡುತ್ತಿತ್ತು.

ಆ ಮೊದಲನೆಯ ಬೋರ್ಡನ್ನು ನೀವು ನೋಡಬೇಕಾಗಿತ್ತು. ನಟ್ಟನಡುವೆ ಮದುಮಗನ ಹಾಗೆ ಆಂಪ್ಲಿಫೈಯರ್ ಚಿಪ್ಪು. ಎಡಕ್ಕೆ ರೆಸಿಸ್ಟರುಗಳ ಒಂದು ಸಾಲು, ಬಲಕ್ಕೆ ಇನ್ನೊಂದು, ಎದುರುಬದುರು. ನಡುವೆ, ಕರೆಂಟು ಮರಳಿ ಹೋಗುವ ತಳದ ತಾಮ್ರದ ಹಾಳೆಯನ್ನೇ ಕತ್ತರಿಸಿ ಬಿಟ್ಟ ಅಗಲವಾದ ಓಣಿ. ಚಿಪ್ಪಿಗೆ ಬೇಕಾದಾಗ ತಟ್ಟನೆ ಕರೆಂಟು ಒದಗಿಸುವ ಪುಟ್ಟ ಕೆಪಾಸಿಟರುಗಳನ್ನು, ಕರೆಂಟು ಒಳಬರುವ ಹೆಬ್ಬಾಗಿಲಿನಲ್ಲಿ, ಪನ್ನೀರು ಚಿಮುಕಿಸುವವರ ಜಾಗದಲ್ಲಿ ನಿಲ್ಲಿಸಿದ್ದೆ. ಗೌಡರು ಬೋರ್ಡನ್ನು ಬೆಳಕಿಗೆ ಹಿಡಿದು, “ಏನ್ ಸಾ ಇದು, ರಂಗೋಲಿ ಬುಟ್ಟಂಗದೆ!” ಎಂದರು. ನಾನು ನಾಚಿಕೊಂಡು ಕಿಟಕಿಯ ಕಡೆ ನೋಡಿದೆ.

ಬೆಲ್ಟು ಖಾಲಿ ಇತ್ತು. ಸ್ವಿಚ್ಚು ಹಾಕಿದೆವು. ಆಲೂಗೆಡ್ಡೆಯ ದೀಪ ಹತ್ತಿತು. ಬೆಲ್ಟನ್ನು ಒರೆಸಿದೆವು, ದೀಪ ಹತ್ತಿಯೇ ಇತ್ತು. ಯಂತ್ರದ ಕಣ್ಣಿಗೆ ಕಪ್ಪು ಬಟ್ಟೆ ಮುಚ್ಚಿದೆವು, ಆಗಲೂ ಅದಕ್ಕೆ ಸಾಲುಸಾಲು ಆಲೂಗೆಡ್ಡೆ ಕಾಣುತ್ತಿತ್ತು. ಅಳತೆ ತೋರಿಸುವ ಸ್ಕೋಪಿನ ಪರದೆಯ ಮೇಲೆ ನೆಟ್ಟಗೆ ಮಲಗಿರಬೇಕಾಗಿದ್ದ ಗೆರೆ ಅಲೆಅಲೆಯಾಗಿ ಏಳುತ್ತಾ ಬೀಳುತ್ತಾ ತನ್ನ ಪಾಡಿಗೆ ತಾನು ತೇಲಾಡುತ್ತಿತ್ತು. ಚುರುಕು ಆಂಪ್ಲಿಫೈಯರಿನ ಕಾಯಿಲೆಯೇ ಇದು. ತನ್ನ ಬಾಯಿಂದ ಹೊರಟದ್ದು ಬಳಸುದಾರಿ ಹಿಡಿದು, ತಡವಾಗಿ ತನ್ನ ಕಿವಿಗೇ ಬಂದು ಬೀಳುತ್ತದೆ. ಯಾರೋ ಮಾತಾಡಿಸಿದರು ಅಂದುಕೊಂಡು ಅದು ಮತ್ತೆ ಉತ್ತರ ಕೊಡುತ್ತದೆ. ಹೀಗೇ ಯಾರೂ ಇಲ್ಲದ ಕಡೆ ಕೂತು ಒಂದೇ ಸಮನೆ ಮಾತಾಡಿಕೊಳ್ಳುತ್ತದೆ.

ನಾನು ಗಾಬರಿಯಲ್ಲಿ ಚಿಪ್ಪಿನ ಪಕ್ಕ ಬೆರಳಿಟ್ಟೆ. ತಟ್ಟನೆ ಸುಮ್ಮನಾಯಿತು. ತೆಗೆದೆ, ಮತ್ತೆ ಶುರು. ಇಟ್ಟರೆ ಮಲಗುತ್ತದೆ, ತೆಗೆದರೆ ಏಳುತ್ತದೆ. “ನೋಡಿದ್ರಾ ಗೌಡ್ರೆ, ಸರಿಯಾಯ್ತು” ಎಂದೆ, ಬೆರಳು ಹಾಗೇ ಇಟ್ಟುಕೊಂಡು.

“ಸರಿ ಸಾ, ಆದ್ರೆ ಮಿಷೀನ್ ಕೊಡೋವಾಗ ನಿಮ್ ಬೆರಳ್ನೂ ಕುಯ್ದು ಜೊತೇಲಿ ಕೊಡಕ್ಕಾಯ್ತದಾ?” ಎಂದರು ಗೌಡರು.

ನಿಜ ಹೇಳಬೇಕೆಂದರೆ ನನಗೆ ಆ ಬೋರ್ಡಿನ ಮೇಲೆ ಸಿಟ್ಟು ಬರಲಿಲ್ಲ. ಖಾಲಿ ಬೆಲ್ಟು ನೋಡುತ್ತಾ ಅಲ್ಲಿಲ್ಲದ ಆಲೂಗೆಡ್ಡೆ ಕಾಣುವ ಪ್ರಾಣಿಯ ಮೇಲೆ ನನ್ನಂಥವನು ಹೇಗೆ ಸಿಟ್ಟು ಮಾಡಿಕೊಂಡಾನು? ಸಂಜೆ ಎಲ್ಲರೂ ಹೋದ ಮೇಲೆ ಅದನ್ನು ಒಂದು ಗಳಿಗೆ ಹಾಗೇ ಹಚ್ಚಿಟ್ಟು, ಆ ಅಲೆಗಳನ್ನು ನೋಡುತ್ತಾ ಕೂತಿದ್ದೆ. ಆ ತೇಲಾಟ ಹೇಮಾವತಿಯ ನಾಲೆಯ ನೀರಿನ ಮೇಲೆ ಗಾಳಿ ಆಡಿದ ಹಾಗೇ ಇತ್ತು. ನನ್ನ ಕೈಯಿಂದ ಹುಟ್ಟಿದ್ದಕ್ಕೆ ನನ್ನ ಗುಣ ಬಂದಿದೆ ಎಂದು ಒಳಗೊಳಗೇ ಒಂದು ಥರ ಹೆಮ್ಮೆಯೂ ಆಯಿತು.

ಎರಡನೆಯ ಬೋರ್ಡಿಗೆ ಮೊದಲು ಚಿಪ್ಪಿನ ಕೈಪಿಡಿಯನ್ನು ನೆಟ್ಟಗೆ ಓದಿದೆ. ಪುಟಕ್ಕೊಂದು ಸಲ ಅದೇ ಮಾತು: ಇದನ್ನು ಅದರ ಹತ್ತಿರ ಇಡಿ, ಅದನ್ನು ಇದರ ಹತ್ತಿರ ಇಡಿ. ಇಟ್ಟೆ. ಆದರೆ ಹತ್ತಿರ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿ ಅಳತೆಯಿಲ್ಲ, ಅದೊಂದು ಸಮಾಧಾನದ ಮಾತು ಅಷ್ಟೆ. ಒಮ್ಮೆ ನುಗ್ಗೇಹಳ್ಳಿಯಲ್ಲಿ ಬಸ್ಸಿಳಿದು ಗೌಡರ ತೋಟ ಎಲ್ಲಿ ಎಂದು ಕೇಳಿದ್ದಕ್ಕೆ, ಕಟ್ಟೆಯ ಮೇಲೆ ಕೂತ ಅಜ್ಜನೊಬ್ಬ “ತ್ವಾಟವಾ? ಇಲ್ಲೇ ಅತ್ರ ಕಣಪ್ಪ, ಎಲೆಅಡ್ಕೆ ಮೆಲ್ಲೋದ್ರೊಳ್ಗೆ ಓಗ್ಬೋದು” ಎಂದಿದ್ದ. ನಾನು ಚಪ್ಪಲಿಯ ಉಂಗುಷ್ಠ ಕಿತ್ತುಹೋಗುವವರೆಗೆ ನಡೆದೆ. ನಾನೂ ಆ ಅಜ್ಜನ ಲೆಕ್ಕದಲ್ಲೇ ಕೆಪಾಸಿಟರನ್ನು ಹತ್ತಿರ ಇಟ್ಟಿದ್ದೆ. ನಮ್ಮ ಕಣ್ಣಿಗೆ ಅದು ಒಂದು ಬೆರಳಿನ ದೂರ, ಆ ಚಿಪ್ಪಿನ ಚುರುಕಿಗೆ ನುಗ್ಗೇಹಳ್ಳಿಯಿಂದ ಹಾಸನದಷ್ಟು ದೂರ ಎಂದು ನನಗೆ ಹೊಳೆಯಲಿಲ್ಲ. ಪಂಕ್ತಿ ಮೊದಲಿಗಿಂತ ಚೆಂದವಾಗಿತ್ತು, ಓಣಿಯನ್ನು ನಾಲ್ಕೂ ಕಡೆಗೆ ಬಿಟ್ಟಿದ್ದೆ. ಸ್ವಿಚ್ಚು ಹಾಕಿದೆವು. ಮೊದಲನೆಯದಾದರೂ ಬರೀ ಆಲೂಗೆಡ್ಡೆ ಕಾಣುತ್ತಿತ್ತು. ಇದಕ್ಕೆ ಒಮ್ಮೆ ಗೆಡ್ಡೆ, ಒಮ್ಮೆ ಹೆಂಟೆ, ಎರಡೂ ದೀಪ ಕಣ್ಣು ಮಿಟುಕಿಸತೊಡಗಿದವು.

ಗೌಡರು ಸ್ವಿಚ್ಚು ಆರಿಸಿದರು. ಸ್ಟೂಲೊಂದನ್ನು ಎಳೆದುಕೊಂಡು ನನ್ನ ಮೇಜಿನ ಮುಂದೆ ಕೂತರು.

“ಬೇಜಾರ್ ಮಾಡ್ಕಬ್ಯಾಡಿ ಸಾ. ಇನ್ನೊಂದ್ ಕಿತ ನೋಡಾಣ. ಮೂರ್ನೇದೂ ಇಂಗೇ ಬಡ್ಕಂಡ್ರೆ ಹೊರಗ್ಲಿಂದ ರೆಡಿ ಬೋರ್ಡು ತರ್ಸ್ಬುಡ್ತೀನಿ. ಬರೆಯೋ ಕೆಲ್ಸ ಇಲ್ಲಾಂದ್ಮೇಲೆ ಈ ಮೇಜು ಯಾಕೆ? ನೀವು ಮುಂದ್ಗಡೆ ಕೌಂಟರ್ನಲ್ಲಿ ಕೂತ್ಕಂಡು ರಿಪೇರಿಗೆ ಬಂದೋರ್ನ ಇಚಾರ್ಸ್ಕಳಿ.”

'ಮುಂದ್ಗಡೆ ಕೌಂಟರ್' ಎಂದರೆ ರೋಲಿಂಗ್ ಶಟರಿನ ಕೆಳಗಿನ ಒಂದು ಗೂಡು. ಎದುರಿಗೆ ಲಾರಿ ತೊಳೆಯುವವರ ಶೆಡ್ಡಿನ ಗೋಡೆ, ಸುಟ್ಟ ಸ್ಟಾರ್ಟರು ಹಿಡಿದು ಬಂದವರ ಬೈಗುಳ, ತಲೆ ಎತ್ತಿದರೆ ತಗಡು. ಸಂಬಳವೇನೂ ಕಡಿಮೆಯಾಗುವುದಿಲ್ಲ. ಆದರೆ ಈ ವಯಸ್ಸಿಗೆ ಲೆಕ್ಕ ಹಾಕಿ ನೋಡಿದರೆ, ಮನೆ ಹೆಂಡತಿಯದು, ಟೀವಿ ಮಕ್ಕಳದು, ಫೋನು ಊರಿನವರದು; ಪೂರ್ತಿಯಾಗಿ ನನ್ನದು ಎಂದು ಇದ್ದದ್ದು ಆ ಕಿಟಕಿಯೊಂದೇ. ಅದು ಹೋದರೆ ನಾನು ಏನು ಮಾಡಲಿ ಎಂದು ನಿಜವಾಗಿಯೂ ಹೆದರಿದೆ. ಅವತ್ತು ಮನೆಗೆ ಬಂದವನು ಊಟವನ್ನೂ ಸರಿಯಾಗಿ ಮಾಡಲಿಲ್ಲ. ಸುಮಿತ್ರ ಎಲ್ಲ ಕೇಳಿಸಿಕೊಂಡು, “ನಿಮ್ಮ ಅಂದಚೆಂದ ಆಮೇಲಿಟ್ಕೊಳ್ಳಿ. ಮೊದ್ಲು ಅದು ಬಾಯಿ ಮುಚ್ಕೊಳ್ಳೋ ಹಾಗೆ ಮಾಡಿ” ಎಂದಳು.

ಗೌರಿ ಹಬ್ಬದ ರಜೆ ಬಂತು. ಹಿತ್ತಿಲ ಜಗಲಿಯ ಮೇಲೆ ಬಿಸಿಲು ಕಾಯಿಸುತ್ತಾ, ತಾಮ್ರ ಹೊದಿಸಿದ ಒಂದು ಬರೀ ಹಲಗೆಯನ್ನು ಮುಂದಿಟ್ಟುಕೊಂಡು, ಚಿಪ್ಪನ್ನು ಅಂಗಾತ ಮಲಗಿಸಿ ಅದರ ಕಾಲುಗಳಿಗೆ ನೇರವಾಗಿ ಬೆಸುಗೆ ಹಾಕಿದೆ. ನಕ್ಷೆಯಿಲ್ಲ, ಗೆರೆಯಿಲ್ಲ. ಮನಸ್ಸು ಕೆಟ್ಟಿತ್ತಾದ್ದರಿಂದ ಯಾರನ್ನು ಎಲ್ಲಿ ಕೂರಿಸಿದೆ ಎಂದೂ ನೋಡಲಿಲ್ಲ. ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಕಡೆ ಅಂಟಿಸಿದೆ. ನೋಡಲು ವಾಕರಿಕೆ ಬರುವಂತಿತ್ತು. ವರ್ಕ್‌ಶಾಪಿನಿಂದ ತಂದಿದ್ದ ಪುಟ್ಟ ಸ್ಕೋಪಿಗೆ ಸಿಕ್ಕಿಸಿ ಕರೆಂಟು ಕೊಟ್ಟೆ. ಗೆರೆ ನೆಟ್ಟಗೆ ಮಲಗಿತು. ಬೆರಳಿಟ್ಟೆ, ತೆಗೆದೆ, ಊದಿದೆ, ಜಗಲಿ ಗುದ್ದಿದೆ. ಅಲುಗಾಡಲಿಲ್ಲ. ನಾನು ಕೂಗಿಕೊಂಡ ಸದ್ದಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ತಕ್ಷಣ ಫೋನು ತೆಗೆದು ಫೋಟೊ ಹೊಡೆದೆ. ಆದರೆ ಹೊಡೆದದ್ದು ಆ ನೆಟ್ಟಗಿನ ಗೆರೆಯದು. ಅಷ್ಟು ಕುರೂಪದ ಹಲಗೆಯ ಫೋಟೊ ಯಾರು ತೆಗೆಯುತ್ತಾರೆ? ಯಾಕೆ ಸುಮ್ಮನಾಯಿತು ಎಂದು ನಿಧಾನವಾಗಿ ನೋಡಿದರಾಯಿತು ಎಂದುಕೊಂಡು, ಅದನ್ನು ಜಗಲಿಯ ಮೂಲೆಯಲ್ಲೇ ಬಿಟ್ಟು, ಬಾಗಿನದ ಮೊರ ತರಲು ಪೇಟೆಗೆ ಹೋದೆ.

ಬಾಗಿನ ನನ್ನ ಅಕ್ಕನಿಗೆ. ಜಯಕ್ಕನನ್ನು ಕೊಟ್ಟಿರುವುದು ಅರಕಲಗೂಡಿನಾಚೆ ಮಲ್ಲಿಪಟ್ಟಣಕ್ಕೆ. ಪ್ರತಿ ಗೌರಿ ಹಬ್ಬಕ್ಕೂ ತವರು ಎಂದು ನನ್ನ ಮನೆಗೆ ಬರುತ್ತಾಳೆ. ಬಂದವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಮನೆಯ ತಾಮ್ರ ಹಿತ್ತಾಳೆಯನ್ನೆಲ್ಲ ಹಿತ್ತಿಲಿಗೆ ಎಳೆಯುತ್ತಾಳೆ. ನಾನು ಮೊರ, ಬಳೆ, ಬಿಚ್ಚೋಲೆ ಹಿಡಿದು ವಾಪಸ್ಸು ಬಂದಾಗ ಅವಳ ಕೆಲಸ ಮುಗಿದಿತ್ತು. ಚೊಂಬು, ತಂಬಿಗೆ, ಪಂಚಪಾತ್ರೆ ಎಲ್ಲ ಥಳಥಳ ಹೊಳೆಯುತ್ತಿದ್ದವು. ದೇವರ ಮನೆಯಲ್ಲಿ ಗೌರಿಯ ಕಳಸ ಕೂತಿತ್ತು. ಕಳಸದ ಕೆಳಗೆ ಚೌಕವಾದ ಒಂದು ತಾಮ್ರದ ಹಲಗೆ, ಕನ್ನಡಿಯ ಹಾಗೆ ಮಿನುಗುತ್ತಿತ್ತು.

“ಜಯಕ್ಕಾ, ಜಗಲಿ ಮೇಲೆ ಒಂದು ಹಲಗೆ ಇತ್ತಲ್ಲ?”

“ಊಂ ಕಣ್ಲಾ, ಅದೇ ಇದು! ಎಷ್ಟು ಕಪ್ಪಿಟ್ಟಿತ್ತು ಅಂತೀಯ. ಅದ್ರ ಮ್ಯಾಲೆ ಜೇಡ ಸತ್ತಂಗೆ ಏನೇನೋ ಅಂಟ್ಕಂಡಿದ್ವು. ಇಕ್ಕಳ ತಗಂಡು ಎಲ್ಲ ಕಿತ್ತು ಬಟ್ಲಿಗಾಕಿವ್ನಿ. ಉಣಸೆಣ್ಣು ಉಪ್ಪು ಆಕಿ ಉಜ್ಜಿದ್ದಕ್ಕೆ ನೋಡು, ಎಂಗೆ ಒಳೀತದೆ!”

ಹಬ್ಬದ ದಿನ ತವರಿಗೆ ಬಂದ ಅಕ್ಕನನ್ನು ಬೈಯುವ ಹಾಗಿಲ್ಲ, ಗೌರಿ ಕೂತ ಹಲಗೆಯನ್ನು ಎಳೆಯುವ ಹಾಗೂ ಇಲ್ಲ. ಬಟ್ಟಲಿನಲ್ಲಿ ಚಿಪ್ಪು, ರೆಸಿಸ್ಟರು, ಕೆಪಾಸಿಟರು ಎಲ್ಲ ಕಡಲೆಪುರಿಯಂತೆ ಕಲೆತು ಬಿದ್ದಿದ್ದವು. ನನ್ನ ಕಣ್ಣ ಮುಂದೆ ರೋಲಿಂಗ್ ಶಟರು ಸರ್ರನೆ ಇಳಿಯಿತು. ಸುಮಿತ್ರ ನನ್ನ ಮುಖ ನೋಡಿ, ಅಕ್ಕನಿಗೆ ವಿಷಯ ತಿಳಿಸಿದಳು. ಜಯಕ್ಕನ ಮುಖ ಸಣ್ಣದಾಯಿತು. “ಅಯ್ಯೋ ಶಿವನೇ, ನಂಗೇನ್ ಗೊತ್ತು? ನಿನ್ ಕೆಲ್ಸದ್ದು ಅಂತ ಒಂದ್ ಮಾತು ಏಳ್ಬಾರ್ದಾ?” ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಅವಳು ಅತ್ತರೆ ನನಗೆ ಇನ್ನೂ ಕಷ್ಟ. ಸಮಾಧಾನ ಮಾಡಲು, ಬೇರೇನೂ ತೋಚದೆ, “ಹೋಗ್ಲಿ ಬಿಡಕ್ಕ. ಕೀಳೋವಾಗ ಇವು ಹೇಗಿದ್ವು, ಏನಾದ್ರೂ ನೆನಪಿದೆಯಾ?” ಎಂದು ಕೇಳಿದೆ.

ಕೇಳಿದ್ದೇ ತಡ, ಅವಳ ಅಳು ನಿಂತು ಕೋಪ ಬಂತು.

“ಎಂಗಿದ್ವು ಅಂದ್ರೆ? ಗಬ್ಬೆದ್ದೋಗಿದ್ವು! ಅಷ್ಟಗ್ಲ ಹಲ್ಗೆ ಅದೆ, ಎಲ್ಲಾವೂ ಒಂದೇ ಮೂಲೇಲಿ ಗುಂಪು ಕಟ್ಕಂಡು, ಒಂದ್ರ ಕಾಲ್ನ ಇನ್ನೊಂದು ತುಳ್ಕಂಡು, ಒಂದ್ರ ಮ್ಯಾಲೊಂದು ಬಿದ್ಕಂಡಿದ್ವು. ಇಕ್ಕಳದ ಮೂತಿ ತೂರ್ಸಕ್ಕೂ ಸಂದಿರ್ನಿಲ್ಲ. ಮದ್ವೇಲಿ ಪಂಕ್ತಿ ಕೂರ್ಸದ್ರಲ್ಲಿ ಅಷ್ಟು ಎಸ್ರು ತಗಂಡಿರೋನು, ಇವ್ನ ಇಂಗಾ ಕೂರ್ಸದು? ನಾಚ್ಕೆ ಆಗ್ನಿಲ್ವಾ?”

ನನಗೆ ನಾಚಿಕೆಯೇನೋ ಆಯಿತು, ಆದರೆ ಬೇರೆ ಕಾರಣಕ್ಕೆ. ಮನಸ್ಸು ಕೆಟ್ಟಿದ್ದಾಗ ನಾನು ಯಾರಿಗೂ ಜಾಗ ಬಿಟ್ಟಿರಲಿಲ್ಲ. ಅದಕ್ಕೇ ಅದು ಸುಮ್ಮನಿತ್ತು. ನಾನು ಮರ್ಯಾದೆಯಿಂದ ಕೂರಿಸಿದಾಗಲೆಲ್ಲ ಹುಚ್ಚು ಹಿಡಿದದ್ದು ಆ ಮರ್ಯಾದೆಯಿಂದಲೇ. ಇದು ಛತ್ರದ ಊಟವಲ್ಲ. ನಾವು ಚಿಕ್ಕವರಿದ್ದಾಗ ಒಲೆಯ ಮುಂದೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಕಾವಲಿಯಿಂದ ಎದ್ದ ರೊಟ್ಟಿಯನ್ನು ಹಾಗೇ ಕೈಯಲ್ಲಿ ಹಿಡಿಯುತ್ತಿದ್ದೆವಲ್ಲ, ಆ ಊಟ. ಕೆಪಾಸಿಟರು ಹೆಬ್ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸಿದರೆ ಏನು ಬಂತು, ಚಿಪ್ಪಿನ ಕಾಲಬುಡದಲ್ಲಿ ಬಿದ್ದಿರಬೇಕು. ತಳದ ತಾಮ್ರದಲ್ಲಿ ಓಣಿ ಬಿಡಬಾರದು. ಹೋದ ಕರೆಂಟು ತಾನು ಹೋದ ದಾರಿಯ ಕೆಳಗೇ ಮನೆಗೆ ಮರಳಬೇಕು. “ಅಕ್ಕಾ, ನೀನು ದೇವರು” ಎಂದೆ. “ಈಗ ಅಡ್ಬಿದ್ರೆ ಏನ್ ಬಂತು, ಬಾಗ್ನ ಕೊಡ್ಲಾ ಮೊದ್ಲು” ಎಂದಳು ಜಯಕ್ಕ.

ಬ್ಯಾಗಿನಲ್ಲಿದ್ದ ಇನ್ನೊಂದು ತುಂಡು ಹಲಗೆಯ ಮೇಲೆ ಬಟ್ಟಲಿನ ಜನರನ್ನೆಲ್ಲ ಗುಡ್ಡೆ ಹಾಕಿದೆ. ಸುಮ್ಮನಿತ್ತು. ರಜೆ ಮುಗಿಸಿ ಹೋದವನು ಮೂರನೆಯ ನಕ್ಷೆ ಬರೆದೆ. ನಡುವಿನ ಸಿಂಹಾಸನವಿಲ್ಲ, ಸಾಲಿಲ್ಲ, ಓಣಿಯಿಲ್ಲ. ಒಂದು ಮೂಲೆಯಲ್ಲಿ, ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ, ಎಲ್ಲರೂ ಮೈಗೆ ಮೈ ಒತ್ತಿ ಕೂತಿದ್ದರು. ಗೌಡರು ಅದನ್ನು ನೋಡಿ ಮುಖ ಹುಳ್ಳಗೆ ಮಾಡಿದರು. “ಇದೇನ್ ಸಾ, ತಿಪ್ಪೆ ಗುಡ್ಡೆ ಆಕ್ದಂಗೆ? ಇಷ್ಟಗ್ಲ ಜಾಗ ಖಾಲಿ ಬಿದ್ದದಲ್ಲ?”

ಆಗ ನಾನು ಮಾತಾಡಿದೆ. ಹುಟ್ಟಿದಾಗಿನಿಂದ ಅಷ್ಟು ಚೆನ್ನಾಗಿ ಎಂದೂ ಮಾತಾಡಿರಲಿಲ್ಲ. ಅಕ್ಕನ ಕಥೆ ಹೇಳಿದೆ, ಒಲೆಯ ಮುಂದಿನ ರೊಟ್ಟಿ ಹೇಳಿದೆ. “ದೂರ ಇಟ್ಟಿದ್ದೇ ತಪ್ಪು ಗೌಡ್ರೆ. ಯಾರಿಗೆ ಯಾರು ಬೇಕೋ ಅವರು ಅವರ ಮಗ್ಗುಲಲ್ಲೇ ಇರಬೇಕು. ದಾರಿ ಉದ್ದ ಆದಷ್ಟೂ ಗದ್ದಲ. ಇಲ್ಲಿಂದ ಹೊರಟ ಮಾತು ಅಲ್ಲಿಗೆ ಮುಟ್ಟೋ ಹೊತ್ತಿಗೆ ತಡವಾಗಿರುತ್ತೆ, ಅದಕ್ಕೇ ಮಧ್ಯೆ ಕನಸು ಹುಟ್ಟೋದು. ಕೈ ಚಾಚಿದರೆ ಸಿಗಬೇಕು, ಅಷ್ಟು ಹತ್ತಿರ ಇರಬೇಕು. ಜಾಗ ಖಾಲಿ ಇದ್ದರೆ ಇರಲಿ ಬಿಡಿ!” ಗೌಡರು ಕಣ್ಣು ಮುಚ್ಚಿಕೊಂಡು ಕೇಳಿದರು. ನಿದ್ದೆ ಬಂದಿರಬೇಕು ಎಂದುಕೊಂಡೆ. ಕೊನೆಗೆ ಕಣ್ಣು ಬಿಟ್ಟು, “ಕಳ್ಸಿ ನೋಡಾಣ” ಎಂದರು.

ಮೂರನೆಯ ಬೋರ್ಡು ಬಂತು. ಖಾಲಿ ಬೆಲ್ಟಿನ ಮೇಲೆ ಸ್ವಿಚ್ಚು ಹಾಕಿದೆವು. ದೀಪ ಹತ್ತಲಿಲ್ಲ. ಗೆರೆ ನೆಟ್ಟಗೆ ಮಲಗಿತ್ತು. ಗೌಡರು ಒಂದು ಆಲೂಗೆಡ್ಡೆ ಬಿಟ್ಟರು, ಗೆಡ್ಡೆಯ ದೀಪ ಹತ್ತಿತು. ಹೆಂಟೆ ಬಿಟ್ಟರು, ಹೆಂಟೆಯ ದೀಪ. ಒಂದು ಬುಟ್ಟಿ ಕಲಸಿ ಸುರಿದರು, ಒಂದೂ ತಪ್ಪಲಿಲ್ಲ. “ಬಂದ್ಬುಡ್ತು ಕಣ್ ಸಾ!” ಎಂದು ಗೌಡರು ನನ್ನ ಬೆನ್ನಿಗೆ ಗುದ್ದಿದ ಗುದ್ದು ಎರಡು ದಿನ ನೋಯುತ್ತಿತ್ತು. ನನ್ನ ಕಣ್ಣು ಒದ್ದೆಯಾಯಿತು. ಖುಷಿಗೆ ಎಂದು ಎಲ್ಲರೂ ತಿಳಿದರು. ಮುಕ್ಕಾಲು ಖುಷಿಯೇ, ಇನ್ನು ಕಾಲು ಭಾಗ, ಇನ್ನು ಮೇಲೆ ಅದು ಎಂದೂ ಖಾಲಿ ಬೆಲ್ಟಿನ ಮೇಲೆ ಏನೂ ಕಾಣುವುದಿಲ್ಲವಲ್ಲ ಎಂಬುದಕ್ಕೆ. ಆಮೇಲೆ ಹೋಗಿ ನನ್ನ ಕಿಟಕಿಯ ಪಕ್ಕ ಕೂತೆ. ಗೆದ್ದವನ ಹಾಗೆ ಕಾಲು ಚಾಚಿ ಕೂತೆ. ಮೋಡಗಳು ಬಂದವು, ಹೋದವು.

ಸೋಮವಾರ ಹೋಗಿ ನೋಡುತ್ತೇನೆ, ಅಲ್ಲಿ ನನ್ನ ಮೇಜಿಲ್ಲ.

“ಇತ್ತ ಬನ್ನಿ ಸಾ” ಎಂದು ಗೌಡರ ದನಿ ಕೇಳಿತು. ಅವರ ಕೋಣೆಯ ಬಾಗಿಲಿಗೆ ಅಂಟಿಸಿ, ಗೋಡೆಗೆ ಮುಖ ಮಾಡಿ, ನನ್ನ ಮೇಜು ಹಾಕಿಸಿದ್ದರು. ಒಂದು ಮಗ್ಗುಲಿಗೆ ಯಂತ್ರ ಪರೀಕ್ಷೆ ಮಾಡುವ ಬೆಂಚು, ಇನ್ನೊಂದು ಮಗ್ಗುಲಿಗೆ ಬಿಡಿಭಾಗಗಳ ಕಪಾಟು. ಎದ್ದು ನಿಲ್ಲಲೂ ಜಾಗವಿರಲಿಲ್ಲ.

“ಗೌಡ್ರೆ, ಬೋರ್ಡು ಗೆದ್ದಿತಲ್ಲ? ಮೂರನೇದು ಕೆಟ್ರೆ ತಾನೇ ಕೌಂಟರು ಅಂದಿದ್ದು!”

“ಕೌಂಟರ್ಗಾ? ಅಯ್ಯೋ, ನಿಮ್ಮನ್ನ ಅಷ್ಟು ದೂರ ಇಡಕ್ಕಾಯ್ತದಾ ಸಾ? ನೀವೇ ಏಳಿದ್ರಲ್ಲ, ಯಾರ್ಗೆ ಯಾರು ಬೇಕೋ ಅವ್ರು ಮಗ್ಲಲ್ಲೇ ಇರ್ಬೇಕು ಅಂತ. ನಂಗೂ ಬೆಂಚ್ಗೂ ನೀವು ಬೇಕು. ನೀವು ಆ ಮೂಲೇಲಿ ಕೂತ್ಕಂಡು, ನಾನು ಇಲ್ಲಿಂದ ಕೂಗಿ, ನಿಮ್ಗೆ ಕೇಳ್ಸಿ, ನೀವು ಎದ್ದು ಬರೋ ಹೊತ್ಗೆ ಕಾಫಿ ಬಂದ್ಬುಡ್ತಿತ್ತು. ಅಷ್ಟು ಉದ್ದ ದಾರಿ ಯಾಕೆ? ಮಧ್ಯೆ ಕನಸು ಹುಟ್ಟದೂ ಅಲ್ಲೇ ಅಂದ್ರಿ.”

“ಅಲ್ಲ ಗೌಡ್ರೆ, ಆ ಕಿಟಕಿ ಹತ್ರ ಕೂತ್ರೆ ನನಗೆ ಯೋಚನೆ ಚೆನ್ನಾಗಿ ಓಡುತ್ತೆ.”

“ಎಲ್ಲಿ ಓಡ್ತು ಸಾ? ಆ ಕಿಟಕಿ ಮಗ್ಲಲ್ಲಿ ಬರ್ದ ಎರಡೂ ಕೆಟ್ಟೋದ್ವು. ನೆಟ್ಗೆ ಬಂದಿದ್ದು ಮನೇಲಿ, ನಿಮ್ಮಕ್ಕ ಬೈದ್ಮೇಲೆ.”

ಏನು ಹೇಳಿದರೂ ನನ್ನ ಬೋರ್ಡಿನ ವಿರುದ್ಧವೇ ಹೇಳಿದಂತಾಗುತ್ತಿತ್ತು. ಈಗ ಗೌಡರು ಕೂಗುವುದೇ ಇಲ್ಲ. ಕುರ್ಚಿಯಲ್ಲಿ ಸ್ವಲ್ಪ ಬಾಗಿ ‘ಸಾ’ ಎಂದರೆ ಸಾಕು, ನಾನು ಸಿಗುತ್ತೇನೆ. ಕಾಫಿ ಬಿಸಿಯಾಗಿಯೇ ಕುಡಿಯುತ್ತೇನೆ. ಕೆಲಸ ಮೊದಲಿನ ದುಪ್ಪಟ್ಟು ಸಾಗುತ್ತಿದೆ, ಇದನ್ನು ಹೇಳಿಕೊಳ್ಳಲು ನನಗೆ ಬಹಳ ದುಃಖವಾಗುತ್ತದೆ. ಸುಮಿತ್ರ ಮಾತ್ರ ಮೊನ್ನೆ ಮಲ್ಲಿಪಟ್ಟಣಕ್ಕೆ ಫೋನು ಮಾಡಿ, “ನಿಮ್ಮ ತಮ್ಮ ಈಗ ಕರೆದ ಕೂಡ್ಲೇ ಓ ಅಂತಾರೆ ಅತ್ತಿಗೆ” ಎಂದು ಸಂತೋಷಪಟ್ಟಳು.

ಕಿಟಕಿಯ ಪಕ್ಕ, ನನ್ನ ಕುರ್ಚಿ ಇದ್ದ ಜಾಗದಲ್ಲಿ, ಪರೀಕ್ಷೆಗೆಂದು ತರಿಸಿದ ಮಣ್ಣಿನ ಹೆಂಟೆಯ ಮೂಟೆಯೊಂದನ್ನು ಒರಗಿಸಿಟ್ಟಿದ್ದಾರೆ. ನೀರು ಕುಡಿಯುವ ನೆಪದಲ್ಲಿ ಆಗಾಗ ಆ ಕಡೆ ಹೋಗಿ ನೋಡುತ್ತೇನೆ. ಬಾಯಿ ಕೊಂಚ ತೆರೆದುಕೊಂಡು, ಎಮ್ಮೆಯ ಕಡೆ ಮುಖ ಮಾಡಿ, ಅದು ಇಡೀ ಮಧ್ಯಾಹ್ನ ಹಾಗೇ ಕೂತಿರುತ್ತದೆ. ಇಷ್ಟು ವರ್ಷ ನಾನು ಅಲ್ಲಿ ಮಾಡುತ್ತಿದ್ದ ಕೆಲಸವನ್ನು ಈಗ ಅದು ಮಾಡುತ್ತಿದೆ. ವರ್ಕ್‌ಶಾಪಿನಲ್ಲಿ ಇದುವರೆಗೆ ಯಾರಿಗೂ ವ್ಯತ್ಯಾಸ ಗೊತ್ತಾಗಿಲ್ಲ.